ನರತಂತುವಿನ ಬೇನೆ ಮತ್ತು ನೆರೆಹೊರೆಯ ಆಸರೆ

ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡೆಂದು ಶಾಸನಗಳಲ್ಲಿ ಹೆಸರಾದ ಈ ಸೀಮೆಯಲ್ಲಿ ಚೈತ್ರ ವೈಶಾಖಗಳು ಬಂದುವೆಂದರೆ ನೆಲವು ಕಾದ ಹಂಚಿನಂತಾಗುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಉಷ್ಣಮಾಪಕದ ಪಾದರಸ 40 ಡಿಗ್ರಿಯನ್ನು ದಾಟುವುದು ಸುದ್ದಿಯೆನಿಸುವುದಿಲ್ಲ. ರೈತಾಪಿ ಜನರು ಹೊತ್ತೇರುವ ಮುನ್ನವೇ ಹೊಲದ ಕೆಲಸ ತೀರಿಸಿಕೊಂಡು ಮನೆ ಸೇರುತ್ತಾರೆ; ನಡುಹಗಲಿನಲ್ಲಿ ಬೀದಿಗಳು ಬರಿದಾಗಿರುತ್ತವೆ. ಆರೋಗ್ಯವಂತನಾದವನು ಈ ಬಿಸಿಲನ್ನು ಬೈಯುತ್ತಲೇ ಸಹಿಸಿಕೊಳ್ಳುತ್ತಾನೆ. ಆದರೆ ಬಿಸಿಲು ತಾಗಿದೊಡನೆ ಕಣ್ಣು ಮಂಜಾಗುವ, ಕಾಲು ಎತ್ತಿಡಲಾರದಂತಾಗುವ, ನೆರಳಿನಲ್ಲಿ ಸ್ವಲ್ಪ ಹೊತ್ತು ತಂಪಾಗಿ ಕುಳಿತರೆ ಮತ್ತೆ ಮೊದಲಿನಂತಾಗುವ ಒಂದು ವ್ಯಾಧಿಯುಂಟು. ಮುಂಜಾನೆ ನಡೆದಾಡಿದ ಸೊಸೆ ಮಧ್ಯಾಹ್ನ ಗೋಡೆ ಹಿಡಿದು ನಿಂತಳೆಂದರೆ, ಸಂಜೆಗೆ ಮತ್ತೆ ನಡೆದಾಡಿದಳೆಂದರೆ, ನೋಡಿದವರ ಮನಸ್ಸಿನಲ್ಲಿ ಮೊದಲು ಮೂಡುವುದು ಕನಿಕರವಲ್ಲ, ಸಂಶಯ. “ನೋಡಾಕ ಚಂದಾಗೇ ಅದಾಳ, ಆಕಿಗೇನಾಗ್ಯಾದ?” ಎಂಬ ಒಂದು ಮಾತು ಕಾಲಿನ ನೋವಿಗಿಂತ ಹೆಚ್ಚಾಗಿ ಕುತ್ತುತ್ತದೆ.

ಈ ವ್ಯಾಧಿಗೆ ವೈದ್ಯರು ಇಟ್ಟಿರುವ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ಗ್ರೀಕ್ ಭಾಷೆಯಲ್ಲಿ ‘ಸ್ಕ್ಲೀರೋಸ್’ ಎಂದರೆ ಗಡಸು. ಮೆದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಹಲವು ಕಡೆ ಗಾಯ ಮಾಯ್ದು ಗಡಸಾದ ಕಲೆಗಳು ಉಂಟಾಗುವುದರಿಂದ ಈ ಹೆಸರು ಬಂದಿತು. ಪ್ಯಾರಿಸ್ ನಗರದ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಷಾರ್ಕೊ ಎಂಬ ವೈದ್ಯನು 1868ರಲ್ಲಿ ರೋಗಿಯ ಜೀವಿತಕಾಲದ ಲಕ್ಷಣಗಳನ್ನೂ ಮರಣೋತ್ತರ ಪರೀಕ್ಷೆಯಲ್ಲಿ ಕಂಡ ಈ ಕಲೆಗಳನ್ನೂ ಜೋಡಿಸಿ, ಇದು ಪ್ರತ್ಯೇಕವಾದೊಂದು ರೋಗವೆಂದು ನಿರೂಪಿಸಿದನು. ಸತ್ತ ಮೇಲೆ ಕೊಯ್ದು ನೋಡಿದವನ ಕಣ್ಣಿಗೆ ಕಂಡದ್ದು ಹೆಸರಾಯಿತೇ ಹೊರತು, ಬದುಕಿರುವವನು ಅನುಭವಿಸುವುದು ಹೆಸರಾಗಲಿಲ್ಲ. ನಮ್ಮ ಕಡೆ ಇದಕ್ಕೆ ಬೇರೆ ಹೆಸರೇ ಇಲ್ಲದುದರಿಂದ ಕೆಲವರು ಲಕ್ವವೆನ್ನುತ್ತಾರೆ, ಕೆಲವರು ವಾಯುವೆನ್ನುತ್ತಾರೆ, ಮತ್ತೆ ಕೆಲವರು ಗಾಳಿ ಸೋಕಿತೆನ್ನುತ್ತಾರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತವ್ಯಾಧಿಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆಯಾದರೂ ಹೊಸದಾಗಿ ಗುರುತಿಸಲ್ಪಟ್ಟ ಪ್ರತಿಯೊಂದು ರೋಗವನ್ನೂ ಹಳೆಯ ಗ್ರಂಥದ ಒಂದು ಹೆಸರಿಗೆ ಗಂಟುಹಾಕುವುದು ಪಾಂಡಿತ್ಯವಲ್ಲ. ಅದರಿಂದ ಗ್ರಂಥಕ್ಕೂ ಗೌರವವಿಲ್ಲ, ರೋಗಿಗೂ ಉಪಕಾರವಿಲ್ಲ.

ರೋಗದ ಸ್ವರೂಪವನ್ನು ತಿಳಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನೆದರೆ ಸಾಕು. ಮೆದುಳೆಂಬ ಜಲಾಶಯದಿಂದ ಆಜ್ಞೆಗಳು ನರತಂತುಗಳೆಂಬ ಕಾಲುವೆಗಳ ಮೂಲಕ ಕೈಕಾಲು ಕಣ್ಣುಗಳಿಗೆ ಹರಿಯುತ್ತವೆ. ಪ್ರತಿಯೊಂದು ತಂತುವಿನ ಸುತ್ತಲೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಅದು ಕಾಲುವೆಯ ಒಳಗೋಡೆಗೆ ಬಳಿದ ಗಾರೆಯಿದ್ದಂತೆ. ಗಾರೆ ಕಿತ್ತುಹೋದ ಕಡೆ ನೀರು ಇಂಗಿ ಸೋರಿಹೋಗುವುದು. ಮೇಲುಭಾಗದಲ್ಲಿ ತೂಬು ತೆರೆದಿದ್ದರೂ ಕೊನೆಭಾಗದ ರೈತನ ಗದ್ದೆಗೆ ನೀರು ಮುಟ್ಟದು. ಎಂ.ಎಸ್. ರೋಗಿಯ ಕಾಲು ಕೊನೆಭಾಗದ ಗದ್ದೆಯಂತೆ. ಕಾಲಿನಲ್ಲಿ ದೋಷವಿಲ್ಲ, ಇಚ್ಛೆಯಲ್ಲಿಯೂ ದೋಷವಿಲ್ಲ. ನಡುದಾರಿಯಲ್ಲಿ ಆಜ್ಞೆ ಸೋರಿಹೋಗಿದೆ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಏಕೆಂದರೆ ಈ ಗಾರೆಯನ್ನು ಕೆಡಿಸುವುದು ಮಳೆಯಲ್ಲ, ಹೂಳಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ತನ್ನ ಹೊದಿಕೆಯನ್ನು ತಾನೇ ಶತ್ರುವೆಂದು ಬಗೆದು ಕೆಡವುತ್ತದೆ. ಕಾಲುವೆ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲಾರದು. ದೇಹವಾದರೋ ಕಿತ್ತ ಹೊದಿಕೆಯನ್ನು ಅಷ್ಟಿಷ್ಟು ಮತ್ತೆ ಹೊದಿಸಿಕೊಳ್ಳುತ್ತದೆ. ರೋಗವು ಬಂದು ಇಳಿದು, ಮತ್ತೆ ಬರುವುದರ ಗುಟ್ಟು ಬಹುಮಟ್ಟಿಗೆ ಇದೇ.

ಕಲೆ ಎಲ್ಲಿ ಬಿದ್ದಿತೋ ಅಲ್ಲಿಯ ಕೆಲಸ ಕೆಡುವುದರಿಂದ ಒಬ್ಬ ರೋಗಿಯಂತೆ ಇನ್ನೊಬ್ಬನಿರುವುದಿಲ್ಲ. ಒಬ್ಬರಿಗೆ ಒಂದು ಕಣ್ಣು ನೋವಿನೊಡನೆ ಮಸುಕಾಗುತ್ತದೆ. ಇನ್ನೊಬ್ಬರಿಗೆ ಸೊಂಟದಿಂದ ಕೆಳಗೆ ಜೋಮು. ಬೇರೊಬ್ಬರಿಗೆ ತಲೆಬಾಗಿಸಿದೊಡನೆ ಬೆನ್ನಗುಂಟ ಮಿಂಚು ಹರಿದಂತಾಗುವುದು. ಬೆರಳುಗಳಲ್ಲಿ ಸ್ಪರ್ಶ ಕುಂದಿದ ಹೆಣ್ಣುಮಗಳಿಗೆ ಜೋಳದ ರೊಟ್ಟಿ ಬಡಿಯುವಾಗ ಹಿಟ್ಟಿನ ಹದ ತಿಳಿಯುವುದಿಲ್ಲ. ಮೂತ್ರ ತಡೆಯಲಾಗದ ಸಂಕಟವನ್ನಂತೂ ಹಲವರು ವೈದ್ಯರ ಮುಂದೆಯೂ ಬಾಯಿಬಿಟ್ಟು ಹೇಳುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚು ಮಂದಿಯನ್ನು ಕಾಡುವುದು ಆಯಾಸ. ದುಡಿದು ಬರುವ ದಣಿವಿಗೂ ಇದಕ್ಕೂ ಸಂಬಂಧವಿಲ್ಲ. ರಾತ್ರಿಯೆಲ್ಲ ಮಲಗಿ ಎದ್ದವನಿಗೂ ಹಗಲು ಹನ್ನೆರಡಕ್ಕೆ ಮೈಯೆಲ್ಲ ಸೀಸ ತುಂಬಿದಂತಾಗುತ್ತದೆ. ಹೊರಗಿನವರು ಇದನ್ನು ಸೋಮಾರಿತನವೆಂದು ಕರೆಯುತ್ತಾರೆ. ಕೆಲವರಿಗೆ ನೆನಪು ಜಾರುತ್ತದೆ, ಲೆಕ್ಕ ತಪ್ಪುತ್ತದೆ, ಮನಸ್ಸು ಕುಗ್ಗುತ್ತದೆ.

ಸಾಮಾನ್ಯವಾಗಿ 20ರಿಂದ 40 ವರ್ಷಗಳ ನಡುವೆ, ಎಂದರೆ ಓದು ಮುಗಿದು ನೌಕರಿ, ಮದುವೆ, ಮಕ್ಕಳು ಎಂಬ ಕಾಲದಲ್ಲಿ ರೋಗವು ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ನೂರರಲ್ಲಿ ಸುಮಾರು 85 ಮಂದಿಗೆ ಆರಂಭದಲ್ಲಿ ಇದು ಕೆರಳುತ್ತ ಇಳಿಯುತ್ತ ಸಾಗುವ ಬಗೆಯದು. ಉಳಿದವರಿಗೆ ಮೊದಲಿನಿಂದಲೇ ಮೆಲ್ಲಮೆಲ್ಲನೆ ಏರುವ ಬಗೆಯದು. ಇದು ಅಂಟುರೋಗವಲ್ಲ. ವಂಶದಲ್ಲಿ ನೇರವಾಗಿ ಇಳಿದು ಬರುವುದೂ ಅಲ್ಲ. ತಾಯಿಗೋ ತಂದೆಗೋ ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಎರಡು ಮೂರರಷ್ಟು ಎಂದು ಪಾಶ್ಚಾತ್ಯ ದೇಶಗಳ ಲೆಕ್ಕ ಹೇಳುತ್ತದೆ. ಬಸಿರಿನ ಕಾಲದಲ್ಲಿ, ಅದರಲ್ಲಿಯೂ ಕೊನೆಯ ಮೂರು ತಿಂಗಳಲ್ಲಿ, ರೋಗ ಕೆರಳುವುದು ಕಡಿಮೆಯೇ ಆಗುತ್ತದೆ. ಹೆರಿಗೆಯಾದ ಮೊದಲ ಮೂರು ತಿಂಗಳು ಮಾತ್ರ ಎಚ್ಚರ ಬೇಕು. ಈ ಮೂರು ಮಾತುಗಳು ತಿಳಿದಿದ್ದರೆ ಎಷ್ಟೋ ಹೆಣ್ಣುಮಕ್ಕಳನ್ನು ತವರಿಗೆ ಕಳಿಸಿ ಮರೆತುಬಿಡುವ ಅನ್ಯಾಯ ತಪ್ಪೀತು.

ಕಾರಣವೇನೆಂಬ ಪ್ರಶ್ನೆಗೆ ಇನ್ನೂ ಪೂರ್ಣ ಉತ್ತರ ದೊರೆತಿಲ್ಲ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಯುವಜನರ ದಾಖಲೆಗಳನ್ನು ಪರಿಶೀಲಿಸಿ, ಎಪ್ಸ್ಟೈನ್–ಬಾರ್ ಎಂಬ ವೈರಾಣುವಿನ ಸೋಂಕಾದ ಬಳಿಕ ಈ ರೋಗದ ಸಂಭವವು 32 ಪಟ್ಟು ಏರುತ್ತದೆಂದು ತೋರಿಸಿತು. ಆದರೆ ಆ ವೈರಾಣು ಲೋಕದ ಬಹುಪಾಲು ವಯಸ್ಕರ ಮೈಯಲ್ಲಿ ಸುಮ್ಮನೆ ಮಲಗಿದೆ, ಅವರಿಗೆಲ್ಲ ಎಂ.ಎಸ್. ಬರುವುದಿಲ್ಲ. ಅನುವಂಶೀಯತೆ, ಡಿ ಜೀವಸತ್ವದ ಕೊರತೆ, ಧೂಮಪಾನ ಮುಂತಾದವು ಸೇರಿ ಕಿಡಿ ಹೊತ್ತಿಸುತ್ತವೆಂದು ತಿಳಿಯಲಾಗಿದೆ. ರೋಗಿಯ ಪೂರ್ವಕರ್ಮವೆಂದೋ ಮನೆಯವರ ಲೋಪವೆಂದೋ ಹೇಳುವುದಕ್ಕೆ ಇಲ್ಲಿ ಯಾವ ಆಧಾರವೂ ಇಲ್ಲ.

ಇದು ಚಳಿದೇಶಗಳ ರೋಗ, ಭಾರತದಲ್ಲಿ ಲಕ್ಷಕ್ಕೊಬ್ಬರಿಗೆ ಬಂದರೆ ಹೆಚ್ಚು ಎಂದು ಬಹುಕಾಲ ನಂಬಲಾಗಿತ್ತು. ಎಂ.ಆರ್.ಐ. ಯಂತ್ರಗಳು ಬಂದ ಮೇಲೆ ಆ ನಂಬಿಕೆ ಸಡಿಲವಾಯಿತು. ನಮ್ಮ ಕರ್ನಾಟಕದ ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯು ಲಕ್ಷಕ್ಕೆ 8.35 ಮಂದಿ ರೋಗಿಗಳಿರುವರೆಂದು ತಿಳಿಸಿತು. ಕರಾವಳಿಯ ಒಂದು ನಗರದ ಲೆಕ್ಕವನ್ನು ಎಡೆದೊರೆಗೆ ಹಾಗೆಯೇ ಅನ್ವಯಿಸುವುದು ಶಾಸ್ತ್ರಸಮ್ಮತವಲ್ಲವಾದರೂ ಅಂದಾಜಿಗಾಗಿ ಗುಣಿಸಿ ನೋಡಬಹುದು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಜನಸಂಖ್ಯೆ 19,28,812. ಆ ಪ್ರಮಾಣದಲ್ಲಿ ಹಿಡಿದರೆ ಜಿಲ್ಲೆಯಲ್ಲೆಲ್ಲ ನೂರರುವತ್ತು ಮಂದಿ. ಈ ಮೂರು ತಾಲ್ಲೂಕುಗಳ ಪಾಲಿಗೆ ಬರುವವರು ಹಲವು ಊರಿಗೊಬ್ಬರಂತೆ ಚದುರಿಹೋದವರು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಕೆಲವರಿಗೆ ತಮ್ಮ ರೋಗದ ಹೆಸರೇ ಗೊತ್ತಿರಲಾರದು. ಸಕ್ಕರೆ ಕಾಯಿಲೆಯವನಿಗೆ ಓಣಿಯಲ್ಲಿ ಹತ್ತು ಮಂದಿ ಜೊತೆಗಾರರಿರುತ್ತಾರೆ, ಎಂ.ಎಸ್. ಬಂದವನು ಊರಿನಲ್ಲಿ ಒಂಟಿ.

ರೋಗವನ್ನು ನಿರ್ಣಯಿಸುವುದರಲ್ಲಿಯೂ ಈ ಸೀಮೆಗೆ ವಿಶೇಷವಾದ ಕೆಲವು ತೊಡಕುಗಳಿವೆ. ಕಾಲು ಜೋಮು ಹಿಡಿದು ನಡಿಗೆ ತಪ್ಪಿತೆಂದರೆ ಅದೆಲ್ಲ ಎಂ.ಎಸ್. ಆಗಬೇಕಿಲ್ಲ. ಹಾಲು ಮಜ್ಜಿಗೆಗಳೂ ಕಡಿಮೆಯಾದ ಸಸ್ಯಾಹಾರಿಗಳ ಮನೆಗಳಲ್ಲಿ ಬಿ–12 ಜೀವಸತ್ವದ ಕೊರತೆಯಿಂದ ಇದೇ ಬಗೆಯ ಲಕ್ಷಣಗಳು ತೋರಬಹುದು. ಅದು ಕೆಲವು ಸೂಜಿಮದ್ದುಗಳಿಂದ ಸುಧಾರಿಸುವಂಥದು, ತಡವಾದರೆ ಮಾತ್ರ ಕಷ್ಟ. ಜಿಲ್ಲೆಯ ಹಲವು ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವುದರಿಂದ ಬೆನ್ನುಮೂಳೆ ಬೆಳೆದು ಹುರಿಯನ್ನು ಒತ್ತಿ ಕಾಲು ಬಿಗಿಯುವುದೂ ಉಂಟು. ಬೆನ್ನುಮೂಳೆಯ ಕ್ಷಯವೂ ಹಾಗೆಯೇ. ಇವಲ್ಲದೆ ಎನ್.ಎಂ.ಒ. ಎಂಬ ಬೇರೊಂದು ರೋಗವಿದೆ. ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಒಟ್ಟಿಗೆ ಕೆಡಿಸುವ ಅದು ನೋಡಲು ಎಂ.ಎಸ್.ನಂತೆಯೇ. ಅದನ್ನು ಬೇರ್ಪಡಿಸಬಲ್ಲ ರಕ್ತಪರೀಕ್ಷೆಗೆ 2004ರ ಸಂಶೋಧನೆ ದಾರಿಮಾಡಿತು. ಬೇರ್ಪಡಿಸುವುದು ಏಕೆ ಅಗತ್ಯವೆಂದರೆ ಎಂ.ಎಸ್.ಗೆ ಹಿತವಾದ ಕೆಲವು ಔಷಧಗಳು ಅದಕ್ಕೆ ವಿಷವಾಗುತ್ತವೆ. ಆದುದರಿಂದ ನರರೋಗತಜ್ಞರ ಕೈಯಲ್ಲಿ ಎಂ.ಆರ್.ಐ., ರಕ್ತಪರೀಕ್ಷೆ, ಬೇಕಾದರೆ ಬೆನ್ನಿನಿಂದ ತೆಗೆದ ದ್ರವದ ಪರೀಕ್ಷೆ, ಇಷ್ಟೂ ಆಗದೆ ನಿರ್ಣಯವಿಲ್ಲ.

ತಜ್ಞರನ್ನು ಕಾಣುವುದೆಂದರೆ ಪ್ರಯಾಣ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಹೆಚ್ಚಿನ ಚಿಕಿತ್ಸೆಗೆ ಜನರು ಬಳ್ಳಾರಿ, ಕಲಬುರಗಿ, ಹುಬ್ಬಳ್ಳಿ, ಹೈದರಾಬಾದುಗಳಿಗೂ, ಕೊನೆಗೆ ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಹೋಗುತ್ತಾರೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಆರಂಭವಾದ ಧರಣಿಯ ಹಿಂದೆ ಇಂಥ ಪ್ರಯಾಣಗಳ ದಣಿವೇ ಇದೆ. ಮೂತ್ರ ತಡೆಯಲಾರದ ಹೆಣ್ಣುಮಗಳಿಗೆ ರಾತ್ರಿಯ ಬಸ್ಸೆಂದರೆ ನರಕ. ಅಂಥವರು ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಅದರಿಂದ ಮೂತ್ರದ ಸೋಂಕು, ಸೋಂಕಿನಿಂದ ಜ್ವರ, ಜ್ವರದಿಂದ ಮತ್ತೆ ಕಾಲು ಕುಸಿತ. 2024ರಲ್ಲಿ ಸಿಂಧನೂರಿಗೆ ರೈಲು ಬಂದುದನ್ನು ವ್ಯಾಪಾರಿಗಳು ಅಕ್ಕಿ ಸಾಗಣೆಯ ಲೆಕ್ಕದಲ್ಲಿ ಹೊಗಳಿದರು. ಶೌಚಾಲಯವುಳ್ಳ ಒಂದು ವಾಹನವು ಊರಿಗೆ ಬಂದಿತೆಂಬುದು ಇಂಥ ರೋಗಿಗಳ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸಂಗತಿ.

ಚಿಕಿತ್ಸೆಯ ವಿಷಯದಲ್ಲಿ ನಿರಾಶೆಗೆ ಕಾರಣವಿಲ್ಲ, ಭ್ರಮೆಗೂ ಅವಕಾಶವಿಲ್ಲ. ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ಕೆರಳಿದಾಗ ಮೂರರಿಂದ ಐದು ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟು ಉರಿಯೂತವನ್ನು ಇಳಿಸುತ್ತಾರೆ. ಮತ್ತೆ ಮತ್ತೆ ಕೆರಳದಂತೆ ತಡೆಯುವ ಔಷಧಗಳಲ್ಲಿ ಮೊದಲನೆಯದಾದ ಇಂಟರ್‌ಫೆರಾನ್ 1993ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅಲ್ಲಿಂದೀಚೆಗೆ ಹತ್ತಾರು ಬಂದಿವೆ. ಬಹಳಷ್ಟು ದುಬಾರಿ. ಬೇರೆ ರೋಗಗಳಿಗೆಂದು ಸಿದ್ಧವಾದ ರಿಟುಕ್ಸಿಮ್ಯಾಬ್ ಎಂಬ ಔಷಧವನ್ನು ಭಾರತದ ವೈದ್ಯರು ಅದರ ಬೆಲೆ ಕಡಿಮೆಯೆಂಬ ಕಾರಣದಿಂದಲೂ ಎಂ.ಎಸ್.ಗೆ ವ್ಯಾಪಕವಾಗಿ ಬಳಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಏರಿಸಲಾಗುವುದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನೂ ಇನ್ನೆರಡು ಔಷಧಗಳನ್ನೂ ಎಂ.ಎಸ್.ಗಾಗಿ ತನ್ನ ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ಕೊಡುವ ಮೊದಲು ಕ್ಷಯ, ಕಾಮಾಲೆಯ ವೈರಾಣುಗಳು ಮೈಯಲ್ಲಿ ಅಡಗಿಲ್ಲವೆಂದು ಪರೀಕ್ಷಿಸಿಕೊಳ್ಳಬೇಕು. ಇಂಟರ್‌ಫೆರಾನಿನಂಥ ಸೂಜಿಮದ್ದನ್ನು ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿ ಇಡಬೇಕಾದುದರಿಂದ, ವಿದ್ಯುತ್ತು ಹೋಗಿ ಬರುವ ಹಳ್ಳಿಯಲ್ಲಿ ನೆರೆಯವರ ಫ್ರಿಜ್ಜು, ಔಷಧದಂಗಡಿಯವರ ಸಹನೆ ಇವೂ ಚಿಕಿತ್ಸೆಯ ಭಾಗಗಳೇ. ಮೈ ಸ್ವಲ್ಪ ಹಗುರಾಯಿತೆಂದು ಔಷಧ ಬಿಟ್ಟು, ಖಚಿತವಾಗಿ ಗುಣಪಡಿಸುವೆನೆಂದು ಹೇಳುವವರ ಬಾಗಿಲಿಗೆ ಹೋಗುವವರು ಮಾತ್ರ ಆಮೇಲೆ ಪರಿತಪಿಸುತ್ತಾರೆ. ರೋಗವು ತಾನಾಗಿ ಇಳಿಯುವ ಸ್ವಭಾವದ್ದಾದುದರಿಂದ ಆ ಇಳಿತದ ಕೀರ್ತಿ ಯಾರಿಗೆ ಬೇಕಾದರೂ ಸಲ್ಲುತ್ತದೆ.

ಬಿಸಿಲಿನ ವಿಷಯಕ್ಕೆ ಮರಳಬೇಕು. ಶ್ರಮದಿಂದ ಮೈ ಬಿಸಿಯಾದಾಗ ಇಂಥ ರೋಗಿಗಳ ದೃಷ್ಟಿ ಮಂಕಾಗುವುದನ್ನು ಜರ್ಮನಿಯ ನೇತ್ರವೈದ್ಯ ಉಟ್‌ಹಾಫ್ 1890ರಲ್ಲಿಯೇ ದಾಖಲಿಸಿದನು. ಹೊದಿಕೆ ಕಿತ್ತ ತಂತುವಿನಲ್ಲಿ ಸಂದೇಶವು ಹೇಗೋ ತೆವಳಿಕೊಂಡು ಸಾಗುತ್ತಿರುತ್ತದೆ. ಮೈಯ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಅದು ನಿಂತುಬಿಡಬಹುದು. ಎಂ.ಆರ್.ಐ. ಇಲ್ಲದ ಕಾಲದಲ್ಲಿ ವೈದ್ಯರು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕುಳ್ಳಿರಿಸಿ ಪರೀಕ್ಷಿಸುತ್ತಿದ್ದರಂತೆ. ಆ ಕಠೋರ ಪದ್ಧತಿ ಈಗಿಲ್ಲ. ಸಮಾಧಾನದ ಸಂಗತಿಯೆಂದರೆ ಉಷ್ಣದಿಂದಾಗುವ ಈ ಕುಸಿತ ಹೊಸ ಗಾಯವಲ್ಲ. ಮೈ ತಣಿದೊಡನೆ ಹೋಗುತ್ತದೆ. ಹೊಸ ಲಕ್ಷಣವೊಂದು ಜ್ವರ, ಸೋಂಕುಗಳಿಲ್ಲದೆಯೂ ಇಡೀ ಒಂದು ದಿನವನ್ನು ಮೀರಿ ನಿಂತರೆ ಅದು ರೋಗ ಕೆರಳಿದ ಗುರುತು. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು. ಈ ಭೇದವನ್ನು ಮನೆಯವರು ಅರಿತರೆ ಅರ್ಧ ಭಯವೂ ಪೂರ್ತಿ ಸಂಶಯವೂ ಕಳೆಯುತ್ತವೆ. ಹರವಿಯ ತಣ್ಣೀರು, ಕುತ್ತಿಗೆಗೆ ಒದ್ದೆಯ ವಸ್ತ್ರ, ಮುಂಜಾನೆಯ ತಂಪಿನಲ್ಲಿ ಕೆಲಸ, ಮಧ್ಯಾಹ್ನ ಕಡ್ಡಾಯವಾಗಿ ವಿಶ್ರಾಂತಿ, ಒಲೆಯ ಮುಂದೆ ಬಹಳ ಹೊತ್ತು ಕೂಡದಿರುವುದು, ಇವು ಬಡವರ ಕೈಗೂ ಎಟಕುವ ಉಪಾಯಗಳು. ಸ್ನಾನದ ನೀರು ಕುದಿಯುವಂತಿರಬಾರದು.

ಒಲೆಯ ಮುಂದೆ ಕೂಡಬಾರದೆಂದು ಬರೆಯುವುದು ಸುಲಭ. ಹತ್ತು ಮಂದಿಯ ಮನೆಯಲ್ಲಿ ದಿನಕ್ಕೆ ಐವತ್ತು ರೊಟ್ಟಿಯಾಗಬೇಕಾದಾಗ ಆ ಒಲೆಯ ಮುಂದೆ ಮತ್ತಾರು ಕೂಡಬೇಕು? ಸಮುದಾಯದ ಆಸರೆಯೆಂಬ ಮಾತಿಗೆ ಅರ್ಥ ಬರುವುದು ಈ ಪ್ರಶ್ನೆಯಿಂದ.

ಆಸರೆ ಎರಡು ಬಗೆಯದು. ಒಂದು, ಅದೇ ನೋವನ್ನು ಉಂಡವರಿಂದ ಬರುವುದು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಸಿಲ್ವಿಯಾ ಲಾರಿ ಎಂಬ ತರುಣಿಯ ಸೋದರನಿಗೆ ಎಂ.ಎಸ್. ಬಂದಿತ್ತು. ವೈದ್ಯರಿಂದ ಭರವಸೆ ದೊರೆಯದೆ ಆಕೆ 1945ರಲ್ಲಿ ಅಲ್ಲಿಯ ಪ್ರಸಿದ್ಧ ದಿನಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಕೊಟ್ಟಳು: ಈ ರೋಗದಿಂದ ಗುಣಹೊಂದಿದವರಿದ್ದರೆ ದಯವಿಟ್ಟು ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಐವತ್ತಕ್ಕೂ ಹೆಚ್ಚು ಪತ್ರಗಳು ಬಂದುವು. ಗುಣಹೊಂದಿದವರ ಪತ್ರಗಳಲ್ಲ, ತಮಗೂ ಅಂಥವರ ವಿಳಾಸ ಬೇಕೆಂದು ಕೇಳಿದ ರೋಗಿಗಳ, ಬಂಧುಗಳ ಪತ್ರಗಳು. ಹುಡುಕಿದ್ದು ಸಿಗಲಿಲ್ಲ, ಆದರೆ ಹುಡುಕುವವರೆಲ್ಲ ಒಬ್ಬರಿಗೊಬ್ಬರು ಸಿಕ್ಕಿದರು. ಮರುವರ್ಷವೇ ಅವರನ್ನು ಕೂಡಿಸಿ ಆಕೆ ಒಂದು ಸಂಘವನ್ನು ಕಟ್ಟಿದಳು. 1967ರಲ್ಲಿ ಹಲವು ದೇಶಗಳ ಸಂಘಗಳ ಒಕ್ಕೂಟವೂ ರೂಪುಗೊಂಡಿತು. ಭಾರತದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ 1985ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಬೆಂಗಳೂರಿನಲ್ಲಿಯೂ ಅದರ ಶಾಖೆಯುಂಟು. ಜಗತ್ತಿನಲ್ಲಿ ಈಗ 28 ಲಕ್ಷಕ್ಕೂ ಹೆಚ್ಚು ರೋಗಿಗಳಿರುವರೆಂದು ಅಂದಾಜು. ಮೇ 30 ಅವರ ದಿನವೆಂದು ಆಚರಿಸಲ್ಪಡುತ್ತದೆ. ನಮ್ಮ ಸೀಮೆಯಲ್ಲಿ ಅದು ಬಿಸಿಲಿನ ಕೊನೆಯ ದಿನಗಳಲ್ಲಿ ಬರುವುದು ವಿಚಿತ್ರವಾದ ಯೋಗ.

ಮಸ್ಕಿಯ ಹೆಣ್ಣುಮಗಳಿಗೆ ಬೆಂಗಳೂರಿನ ಸಭೆಗೆ ಹೋಗುವುದು ದುಸ್ಸಾಧ್ಯವಾದರೂ ದೂರವಾಣಿಯಲ್ಲಿ ಮಾತನಾಡುವುದು ಅಸಾಧ್ಯವಲ್ಲ. ಇಂಗ್ಲಿಷ್ ಬಾರದೆಂಬ ಸಂಕೋಚ ಸಹಜ. ಅದನ್ನು ನೀಗಿಸಲು ಒಬ್ಬ ಅಧ್ಯಾಪಕರು ಮೊದಲ ಸಲ ಪಕ್ಕದಲ್ಲಿ ಕುಳಿತು ಮಾತು ಕೂಡಿಸಿಕೊಟ್ಟರೆ ಸಾಕು. ಸಮದುಃಖಿಯೊಬ್ಬಳು “ನನಗೂ ಹೀಗೇ ಆಗುತ್ತದೆ” ಎಂದಾಗ ಆಗುವ ಸಮಾಧಾನವನ್ನು ಯಾವ ತಜ್ಞನೂ ಕೊಡಲಾರ. ಮನಸ್ಸು ತೀರ ಕುಗ್ಗಿದವರಿಗೆ 2022ರಿಂದ 14416 ಎಂಬ ಸಂಖ್ಯೆಯಲ್ಲಿ ಸರ್ಕಾರದ ಟೆಲಿ ಮಾನಸ್ ಸೇವೆ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಎರಡನೆಯ ಬಗೆಯ ಆಸರೆ ನೆರೆಹೊರೆಯದು. ಈ ವಿಷಯದಲ್ಲಿ ನಮ್ಮ ಹಳ್ಳಿಗಳು ಹೊಸತೇನನ್ನೂ ಕಲಿಯಬೇಕಾಗಿಲ್ಲ. ಮುಯ್ಯಿಯ ಪದ್ಧತಿ ಗೊತ್ತಿರುವ ನಾಡಿದು. ಇವರ ಹೊಲದ ಕೆಲಸಕ್ಕೆ ಅವರು ಬರುವುದು, ಅವರ ಹೊಲಕ್ಕೆ ಇವರು ಹೋಗುವುದು. ಕೂಲಿಯಿಲ್ಲ, ಋಣವೂ ಉಳಿಯುವುದಿಲ್ಲ. ಮುಯ್ಯಿಗೂ ದಾನಕ್ಕೂ ಇರುವ ಅಂತರ ಸೂಕ್ಷ್ಮವಾದುದು. ದಾನ ಪಡೆದವನು ತಲೆ ತಗ್ಗಿಸುತ್ತಾನೆ. ಮುಯ್ಯಾಳು ತಲೆಯೆತ್ತಿ ಬರುತ್ತಾನೆ, ಏಕೆಂದರೆ ಅವನು ತೀರಿಸಬಲ್ಲ. ಎಂ.ಎಸ್. ಬಂದವರಿಗೆ ಬೇಕಾದುದು ಈ ಎರಡನೆಯದು. ಅವರು ಪೂರ್ತಿ ಅಶಕ್ತರಲ್ಲ, ಪೂರ್ತಿ ಶಕ್ತರೂ ಅಲ್ಲ. ದಿನದಲ್ಲಿ ಕೆಲವು ಗಂಟೆ, ವರ್ಷದಲ್ಲಿ ಕೆಲವು ತಿಂಗಳು ಎಲ್ಲರಂತೆ ದುಡಿಯಬಲ್ಲರು.

ಇಂಥದೊಂದು ಮನೆಯನ್ನು ಭಾವಿಸಿಕೊಳ್ಳಬಹುದು. ಸೊಸೆಗೆ ಈ ಬೇನೆ. ಒಲೆಯ ಬಿಸಿಗೆ ಆಕೆಯ ಕಣ್ಣು ಮಂಜಾಗುತ್ತದೆ. ನೆಗೆಣ್ಣಿ ಹಾಗೂ ಪಕ್ಕದ ಮನೆಯಾಕೆ ರೊಟ್ಟಿಯ ಕೆಲಸವನ್ನು ಹಂಚಿಕೊಳ್ಳುತ್ತಾರೆ. ಮುಯ್ಯಿಗೆ ಮುಯ್ಯಿಯಾಗಿ ಆಕೆ ನಸುಕಿನಲ್ಲಿ ಅವರ ಮಕ್ಕಳಿಗೆ ಮಗ್ಗಿ, ಕಾಗುಣಿತ ಹೇಳಿಕೊಡುತ್ತಾಳೆ. ಹೆಂಗಸರ ಉಳಿತಾಯದ ಗುಂಪಿನ ಲೆಕ್ಕ ಬರೆಯುತ್ತಾಳೆ. ಕೈ ನೆಟ್ಟಗಿದ್ದ ದಿನ ಕೌದಿಗೆ ನಾಲ್ಕು ಸಾಲು ಹೊಲಿಯುತ್ತಾಳೆ. ಕೈ ನೆಟ್ಟಗಿಲ್ಲದ ದಿನ ಹೊಲಿಯುವುದಿಲ್ಲ. ಯಾರೂ ಏಕೆಂದು ಕೇಳುವುದಿಲ್ಲ. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟಸಾಧ್ಯ. ಕಾಣುವ ಊನಕ್ಕೆ ಜನ ದಾರಿ ಬಿಡುತ್ತಾರೆ; ಕಾಣದ ಊನಕ್ಕೆ ಸಾಕ್ಷಿ ಕೇಳುತ್ತಾರೆ. ಅತ್ತೆಯೋ ಗಂಡನೋ ಒಮ್ಮೆ ತಜ್ಞರ ಎದುರು ಕುಳಿತು, ಎಂ.ಆರ್.ಐ. ಚಿತ್ರದಲ್ಲಿಯ ಬಿಳಿಯ ಕಲೆಗಳನ್ನು ಕಣ್ಣಾರೆ ಕಂಡು ಬರುವುದು ಹಲವು ಸಲದ ಉಪದೇಶಕ್ಕಿಂತ ಮೇಲು. ಆದುದರಿಂದ ರೋಗಿಯೊಡನೆ ಆಸ್ಪತ್ರೆಗೆ ಹೋಗತಕ್ಕವರು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂಶಯಪಡುವವರೇ ಆಗಿರಬೇಕು.

ಕಾನೂನಿನ ಆಸರೆಯೂ ಉಂಟು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಈ ರೋಗದ ಹೆಸರಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಹೆಸರಿಸಿ ಅವುಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸನ್ನೂ ಸೇರಿಸಿತು. ನ್ಯೂನತೆಯು ಶೇಕಡ 40ಕ್ಕೆ ಕಡಿಮೆಯಿಲ್ಲವೆಂದು ವೈದ್ಯಕೀಯ ಮಂಡಳಿ ಪ್ರಮಾಣೀಕರಿಸಿದರೆ ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ದಾರಿಯಾಗುತ್ತದೆ. ವಿಶಿಷ್ಟ ಗುರುತಿನ ಚೀಟಿಯೂ ದೊರೆಯುತ್ತದೆ. ತೊಡಕೇನೆಂದರೆ ಏರಿಳಿಯುವ ರೋಗವನ್ನು ಒಂದು ದಿನದ ಪರೀಕ್ಷೆಯಲ್ಲಿ ಅಳೆಯುವುದು. ತಂಪು ಹೊತ್ತಿನಲ್ಲಿ ಮಂಡಳಿಯ ಮುಂದೆ ನೆಟ್ಟಗೆ ನಡೆದವನಿಗೆ ಅಂಕ ಕಡಿಮೆ. ಹಳೆಯ ಚೀಟಿಗಳು, ಎಂ.ಆರ್.ಐ. ವರದಿಗಳು, ರೋಗ ಕೆರಳಿದ ದಿನಾಂಕಗಳನ್ನು ಬರೆದಿಟ್ಟ ಪುಸ್ತಕ ಇವನ್ನೆಲ್ಲ ಜೋಡಿಸಿಕೊಂಡು ಹೋಗುವುದು ಲೇಸು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರಿದ್ದಾರೆ, ತಾಲ್ಲೂಕಿನಲ್ಲಿ ಅವರ ಮೇಲಿನವರಿದ್ದಾರೆ. ಅರ್ಜಿ ಬರೆಯುವುದರಿಂದ ಹಿಡಿದು ನೆರವಾಗುವುದು ಅವರ ಕರ್ತವ್ಯ. ಅವರಿಗೆ ಈ ರೋಗದ ಹೆಸರು ಪರಿಚಯವಿಲ್ಲದಿದ್ದರೆ ಕಾಯ್ದೆಯ ಪಟ್ಟಿಯನ್ನು ತೋರಿಸಬೇಕಾದೀತು.

ದಾನಿಗಳ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕಾಗಿದೆ. ಗಾಲಿಕುರ್ಚಿಯನ್ನು ಕೊಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವುದು ವಾಡಿಕೆ. ಎಂ.ಎಸ್. ಬಂದವರಲ್ಲಿ ಬಹಳ ಮಂದಿಗೆ ಬಹಳ ವರ್ಷ ಗಾಲಿಕುರ್ಚಿ ಬೇಕಾಗುವುದಿಲ್ಲ. ಅವರಿಗೆ ಬೇಕಾದುದು ಆರು ತಿಂಗಳಿಗೊಮ್ಮೆ ಇಬ್ಬರ ರೈಲಿನ ಖರ್ಚು, ಒಂದು ಎಂ.ಆರ್.ಐ.ಗೆ ತಗಲುವ ಹಣ, ಬಸ್‌ನಿಲ್ದಾಣದಲ್ಲಿಯೂ ಶಾಲೆಯಲ್ಲಿಯೂ ಕೂತೇಳಲು ಹಿಡಿಕೆಯಿರುವ ಶುಚಿಯಾದ ಒಂದು ಶೌಚಾಲಯ, ಮೆಟ್ಟಿಲಿನ ಪಕ್ಕದಲ್ಲಿ ಒಂದು ಕಂಬಿ. ಇವುಗಳ ಮೇಲೆ ಹೆಸರಿನ ಫಲಕ ಹಾಕಿಸಲು ಜಾಗ ಸಾಲದು. ಅದರಿಂದಲೇ ಇವು ಹಿಂದುಳಿದಿವೆ. ದೂರದ ಊರುಗಳಲ್ಲಿ ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಗಳಿಗಾದರೋ ಹಣಕ್ಕಿಂತ ಸುಲಭವಾದ ಕೆಲಸವೊಂದಿದೆ: ಊರಿನಿಂದ ಬಂದ ರೋಗಿಯನ್ನು ಬೆಂಗಳೂರಿನ ನಿಲ್ದಾಣದಲ್ಲಿ ಎದುರುಗೊಂಡು ಆಸ್ಪತ್ರೆಯ ಸಾಲಿನಲ್ಲಿ ಅವರ ಪರವಾಗಿ ನಿಲ್ಲುವುದು. ನಸುಕಿನಿಂದ ಸಾಲಿನಲ್ಲಿ ನಿಂತು ದಣಿದವರು ತಜ್ಞರ ಮುಂದೆ ಕುಳಿತಾಗ ಹೇಳಬೇಕಾದುದನ್ನೇ ಮರೆಯುತ್ತಾರೆ.

ಶಾಲೆಯೊಳಗೆ ಆಗಬೇಕಾದುದು ಇನ್ನೂ ಸರಳ. ಅಧ್ಯಾಪಕರೊಬ್ಬರಿಗೆ ಈ ಬೇನೆ ಬಂದಿತೆನ್ನೋಣ. ಮುಖ್ಯೋಪಾಧ್ಯಾಯರು ವೇಳಾಪಟ್ಟಿಯನ್ನು ತಿದ್ದಿ ಅವರ ಪಾಠಗಳನ್ನೆಲ್ಲ ಬೆಳಗಿನ ಮೊದಲ ಮೂರು ಅವಧಿಗಳಿಗೆ ತಂದು, ತರಗತಿಯನ್ನು ಮಹಡಿಯಿಂದ ಕೆಳಗಿಳಿಸುತ್ತಾರೆ. ಕಪ್ಪುಹಲಗೆಯ ಮುಂದೆ ಒಂದು ಕುರ್ಚಿ, ತಲೆಯ ಮೇಲೊಂದು ಬೀಸಣಿಗೆ. ಹಲಗೆಯ ಮೇಲೆ ಬರೆಯುವುದು ಕಷ್ಟವಾದ ದಿನ ವಿದ್ಯಾರ್ಥಿಯೊಬ್ಬ ಬರೆಯುತ್ತಾನೆ. ಮಧ್ಯಾಹ್ನದ ಅವಧಿಗಳನ್ನು ಸಹೋದ್ಯೋಗಿಗಳು ತೆಗೆದುಕೊಳ್ಳುತ್ತಾರೆ. ಅದಕ್ಕೆ ಮುಯ್ಯಿಯಾಗಿ ಅವರ ಪ್ರಶ್ನಪತ್ರಿಕೆಗಳನ್ನೂ ಅಂಕಪಟ್ಟಿಗಳನ್ನೂ ಇವರು ಮನೆಯ ತಂಪಿನಲ್ಲಿ ಕುಳಿತು ಸಿದ್ಧಪಡಿಸುತ್ತಾರೆ. ಬೇಸಿಗೆಯ ಪರೀಕ್ಷೆಗಳಲ್ಲಿ ಮೇಲ್ವಿಚಾರಣೆಗೆ ಇವರ ಹೆಸರು ಬರುವುದು ಮುಂಜಾನೆಯ ಪಾಳಿಗೆ, ಬಾಗಿಲಿನ ಬಳಿಯ ಕೋಣೆಗೆ, ನೀರಿನ ಹರವಿ ಇರುವ ಮೂಲೆಗೆ.